ಐಸಮ್ಮನ ಜಗಲಿಯಲ್ಲಿ ಆಡಿದ ಮಾತು

ನನಗೊಂದು ಅಭ್ಯಾಸ ಉಂಟು. ಇನ್ನೂ ಮಾತು ಬಾರದ ಮಕ್ಕಳನ್ನು ಕಂಡರೆ ಬಹುವಚನದಲ್ಲಿ ಮಾತಾಡಿಸುತ್ತೇನೆ. "ಬನ್ನಿ, ಕೂತುಕೊಳ್ಳಿ. ತಿಂಡಿ ಆಯಿತಾ? ನಿಮ್ಮ ಚಡ್ಡಿ ಎಲ್ಲಿ ಹೋಯಿತು?" ಎಂದು ಕೇಳುತ್ತೇನೆ. ಅಮ್ಮಂದಿರು ನಗುತ್ತಾರೆ. ಮಕ್ಕಳು ನಗುವುದಿಲ್ಲ. ಬೆರಳನ್ನು ಬಾಯಲ್ಲಿಟ್ಟುಕೊಂಡು ನನ್ನ ತಲೆಯಿಂದ ಚಪ್ಪಲಿಯವರೆಗೆ ಒಮ್ಮೆ ನೋಡುತ್ತವೆ. ಆ ನೋಟದ ಮುಂದೆ ಏಕವಚನದಲ್ಲಿ ನಿಲ್ಲಲು ನನಗೆ ಧೈರ್ಯ ಸಾಲುವುದಿಲ್ಲ.

ಮೊನ್ನೆ ಕೆಳಗಿನ ಮನೆಯ ಹುಡುಗಿ ತನ್ನ ಎರಡು ವರ್ಷದ ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಬಂದಳು. "ಆಂಟಿ, ಎಲ್‌ಕೆಜಿಗೆ ಹಾಕುವ ಮೊದಲು ಮಕ್ಕಳಿಗೆ ಎಂತೆಲ್ಲ ಕಲಿಸಬೇಕು? ನಿಮ್ಮ ಅಮ್ಮ ಟೀಚರಾಗಿದ್ದರಂತೆ ಅಲ್ವಾ?"

"ಅವರು ಈಗ ಎಂತ ಕಲಿಯುತ್ತಿದ್ದಾರೆ ಅಂತ ಮೊದಲು ನೋಡುವ" ಎಂದೆ.

"ಅವರು ಯಾರು ಆಂಟಿ?" ಎಂದು ಅವಳು ಹಿಂದೆ ತಿರುಗಿ ನೋಡಿದಳು.

ಅವಳಿಗೆ ಆಗ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಿಮಗೆ ಸಮಯ ಉಂಟು, ನನಗೆ ಬಾಯಿ ಉಂಟು.

ಬಾಯಿಯ ವಿಷಯ ಬಂದದ್ದರಿಂದ ಮೊದಲು ನನ್ನದನ್ನೇ ಮುಗಿಸುತ್ತೇನೆ. ನಾನು ಒಂಬತ್ತು ತಿಂಗಳಿಗೇ ಮಾತಾಡಿದೆನಂತೆ. ಆಮೇಲೆ ನಿಲ್ಲಿಸಿದ್ದು ಯಾರಿಗೂ ನೆನಪಿಲ್ಲ. ಭೂಮಸೂದೆಯಲ್ಲಿ ಗದ್ದೆಗಳು ಕೈಬಿಡುವ ಲಕ್ಷಣ ಕಂಡಾಗಲೇ ಅಪ್ಪ ಬೋಳಾರದಲ್ಲಿ ಒಂದು ಸಣ್ಣ ಹೋಟೆಲು ತೆರೆದಿದ್ದರು. ಹಂಚಿನ ಕಾರ್ಖಾನೆಯ ಕೆಲಸದವರು ಬೆಳಿಗ್ಗೆ ಅಲ್ಲಿಗೆ ಬನ್ಸ್ ತಿನ್ನಲು ಬರುತ್ತಿದ್ದರು, ಸಂಜೆ ಗೋಳಿಬಜೆಗೆ. ನಾನು ಗಲ್ಲಾದ ಮೇಲೆ ಕಾಲು ಇಳಿಬಿಟ್ಟು ಕೂತು, ಅವರು ಬಾಯಿ ತೆರೆಯುವ ಮೊದಲೇ "ಎರಡು ಚಾ, ಒಂದು ಬನ್ಸ್, ಚಟ್ನಿ ಬೇರೆ!" ಎಂದು ಒಳಗೆ ಕೂಗುತ್ತಿದ್ದೆ. ಎಷ್ಟೋ ಜನ ತಮಗೆ ಬೇಡದ್ದನ್ನು ತಿಂದು ಹೋದದ್ದುಂಟು.

ನನಗಿಂತ ಎಂಟು ವರ್ಷಕ್ಕೆ ಕಿರಿಯವಳು ತಂಗಿ ಮಮತಾ. ಅವಳು ಮಾತಾಡಲಿಲ್ಲ.

ಒಂದು ವರ್ಷವಾಯಿತು, ಎರಡಾಯಿತು. "ಕೆಲವರಿಗೆ ತಡ" ಎಂದರು. ಮೂರು ತುಂಬಿತು. "ಮಂಗಳಾದೇವಿಗೆ ಹೂವಿನ ಪೂಜೆ ಹೇಳಿಕೊಳ್ಳಿ" ಎಂದರು. ಹೇಳಿಕೊಂಡೆವು. ಪ್ರಸಾದದ ಹೂವನ್ನು ಅವಳು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು, ಎಸಳು ಬಿಡಿಸಿದಳು, ಒಂದನ್ನು ತಿಂದಳು. ಮಾತು ಮಾತ್ರ ಬರಲಿಲ್ಲ. ಬೇಕಾದದ್ದಕ್ಕೆ ಬೆರಳು ತೋರಿಸುತ್ತಿದ್ದಳು. ಅವಳ ಬೆರಳು ಅರ್ಧ ಎದ್ದಾಗಲೇ ನಾನು, "ನೀರು ಬೇಕಂತೆ! ಅಲ್ಲ ಅಲ್ಲ, ಬೆಲ್ಲವಂತೆ!" ಎಂದು ಹೋಟೆಲಿನ ಧಾಟಿಯಲ್ಲೇ ಕೂಗಿ ತಂದುಕೊಡುತ್ತಿದ್ದೆ. ಇಂಥ ಅಕ್ಕ ಇರುವ ಮನೆಯಲ್ಲಿ ಮಾತು ಕಲಿತು ಯಾವ ಪ್ರಯೋಜನ ಎಂದು ಅವಳಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಅಮ್ಮ ಹತ್ತಿರದ ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರು. ವರ್ಷವರ್ಷವೂ ಊರಿನ ಮಕ್ಕಳಿಗೆಲ್ಲ ಅಆಇಈ ಹೇಳಿಸುತ್ತಿದ್ದವರು ಸಂಜೆ ಮನೆಗೆ ಬಂದು ಮಮತಾಳನ್ನು ಮಡಿಲಲ್ಲಿ ಕೂರಿಸಿಕೊಂಡು, "ಅಮ್ಮ ಅನ್ನು ಮಗಾ, ಒಂದೇ ಸಲ" ಎನ್ನುತ್ತಿದ್ದರು. ಮಮತಾ ಅಮ್ಮನ ತುಟಿಯನ್ನೇ ನೋಡುತ್ತಿದ್ದಳು. ಕೆಲವೊಮ್ಮೆ ಆ ತುಟಿಯನ್ನು ಬೆರಳಿನಿಂದ ಮುಟ್ಟುತ್ತಿದ್ದಳು. ಅಷ್ಟೇ. ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆದದ್ದು, ನಿಮಗೋಸ್ಕರ ಕನ್ನಡದಲ್ಲಿ ಹೇಳುತ್ತಿದ್ದೇನೆ. ಆದರೆ "ಒಂದೇ ಸಲ" ಎನ್ನುವಾಗ ಅಮ್ಮನ ಸ್ವರ ಒಡೆಯುತ್ತಿದ್ದುದನ್ನು ಯಾವ ಭಾಷೆಯಲ್ಲಿ ಹೇಳಲಿ?

ಕೊನೆಗೆ ಕದ್ರಿಯ ಕಡೆ ಒಬ್ಬ ಡಾಕ್ಟರಿಗೆ ತೋರಿಸಿದರು. ಅವರು ಅವಳ ಬೆನ್ನ ಹಿಂದೆ ನಿಂತು ಗಂಟೆ ಬಾರಿಸಿದರು. ಮಮತಾ ತಿರುಗಲಿಲ್ಲ. ಗೋಡೆಯ ಮೇಲೆ ಫ್ಯಾನಿನ ನೆರಳು ತಿರುಗುತ್ತಿತ್ತು, ಅವಳು ಅದರಲ್ಲಿ ಮುಳುಗಿಹೋಗಿದ್ದಳು. ಮತ್ತೆ ಬಾರಿಸಿದರು. ಹೊರಗೆ ಬೆಂಚಿನಲ್ಲಿದ್ದ ಮುದುಕರೊಬ್ಬರು ಬೆಚ್ಚಿ ಎದ್ದು ನಿಂತರು, ಇವಳು ಕಣ್ಣು ಕೂಡ ಮಿಟುಕಿಸಲಿಲ್ಲ. ಡಾಕ್ಟರು ಅಪ್ಪನ ಹತ್ತಿರ ಮೆಲ್ಲಗೆ ಮಾತಾಡಿದರು. ಕಿವಿ ಕೇಳಿಸುವ ಹಾಗೆ ಕಾಣುವುದಿಲ್ಲ, ಘಟ್ಟದ ಮೇಲೆ ಇಂಥ ಮಕ್ಕಳಿಗೆಂದೇ ಒಂದು ಶಾಲೆ ಉಂಟು, ಅಲ್ಲೇ ಇಟ್ಟುಕೊಂಡು ಕಲಿಸುತ್ತಾರೆ, ಎಷ್ಟು ಚಿಕ್ಕದರಲ್ಲಿ ಬಿಡುತ್ತೀರೋ ಅಷ್ಟು ಒಳ್ಳೆಯದು ಎಂದರು.

ಬಸ್ಸಿನಲ್ಲಿ ಬರುವಾಗ ಅಮ್ಮ ಮಮತಾಳ ಕಿವಿಯ ಹಿಂದಿನ ಕೂದಲನ್ನು ಸರಿಸುತ್ತಲೇ ಇದ್ದರು. ಮನೆಯಂಗಳಕ್ಕೆ ಬಂದ ಮೇಲೆ, "ಅವಳಿಗೆ ಕಾರ್ಖಾನೆಯ ಸೈರನ್ ಕೇಳಿಸುತ್ತದೆ, ನಾನು ನೋಡಿದ್ದೇನೆ" ಎಂದರು.

"ನೆಲ ನಡುಗುವುದು ಗೊತ್ತಾಗ್ತದೆ, ಕೇಳಿಸುವುದಲ್ಲ" ಎಂದರು ಅಪ್ಪ. ಅವರು ಕಟುಕರಲ್ಲ. ಹೋಟೆಲಿನಲ್ಲಿ ಬೆಕ್ಕಿಗೂ ಪಾಲು ಇಡುತ್ತಿದ್ದ ಮನುಷ್ಯ. ಆದರೆ ಆಸೆ ಇಟ್ಟು ಇಟ್ಟು ಅವರಿಗೆ ಸಾಕಾಗಿತ್ತು. "ಸೋಮವಾರ ಹೋಗಿ ಶಾಲೆ ನೋಡಿಕೊಂಡು ಬರುವ. ನೋಡುವುದರಲ್ಲಿ ಎಂತ ಉಂಟು?"

ಅಮ್ಮ ತಂಗಿಯ ಅಂಗಿಗಳನ್ನು ಒಗೆದು ಇಸ್ತ್ರಿ ಮಾಡತೊಡಗಿದರು. ನೋಡಿಕೊಂಡು ಬರಲಿಕ್ಕೆ ಅಷ್ಟು ಅಂಗಿ ಎಂತಕ್ಕೆ ಎಂದು ನಾನು ಕೇಳಲಿಲ್ಲ. ನನ್ನ ಜೀವನದಲ್ಲಿ ನಾನು ಕೇಳದೆ ಬಿಟ್ಟ ಕೆಲವೇ ಪ್ರಶ್ನೆಗಳಲ್ಲಿ ಅದು ಒಂದು.

ಅಪ್ಪ ಹೋಟೆಲಿಗೆ, ಅಮ್ಮ ಶಾಲೆಗೆ, ನಾನೂ ಶಾಲೆಗೆ ಹೋದರೆ ಹಗಲಲ್ಲಿ ಮಮತಾಳನ್ನು ನೋಡಿಕೊಳ್ಳುತ್ತಿದ್ದದ್ದು ಬೇಲಿಯಾಚೆಯ ನಫೀಸಕ್ಕ. ಬ್ಯಾರಿ ಮುಸಲ್ಮಾನರ ದೊಡ್ಡ ಮನೆ ಅದು. ಅವರ ಗಂಡ ಬಹರೈನಿನಲ್ಲಿದ್ದರು, ಮೈದುನಂದಿರು ಬಂದರಿನಲ್ಲಿ ವ್ಯಾಪಾರ ಮಾಡುತ್ತಿದ್ದರು. ಮನೆ ತುಂಬ ಮಕ್ಕಳು. "ಇಷ್ಟು ಮಕ್ಕಳ ಒಟ್ಟಿಗೆ ಇನ್ನೊಂದು ಇದ್ದರೆ ನನಗೆ ಗೊತ್ತೇ ಆಗುವುದಿಲ್ಲ ಟೀಚರೇ, ಬಿಟ್ಟು ಹೋಗಿ" ಎಂದಿದ್ದರು ನಫೀಸಕ್ಕ. ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಊಟಕ್ಕೆ ಕೂರಿಸಿದಾಗ ಒಂದು ಸಲ, ಮಲಗಿಸುವಾಗ ಒಂದು ಸಲ ಅವಳು ಅವರ ಕಣ್ಣಿಗೆ ಬೀಳುತ್ತಿದ್ದಳು. "ಉಳಿದ ಹೊತ್ತು ಹಿಂದಿನ ಜಗಲಿಯಲ್ಲಿ ಉಮ್ಮನ ಹತ್ತಿರ ಕೂತಿರ್ತಾಳೆ, ಪಾಪ, ಶಬ್ದವೇ ಇಲ್ಲ" ಎನ್ನುತ್ತಿದ್ದರು.

ಉಮ್ಮ ಎಂದರೆ ನಫೀಸಕ್ಕನ ಅತ್ತೆ ಐಸಮ್ಮ. ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣದು. ಇಡೀ ದಿನ ಹಿತ್ತಿಲಿನ ಜಗಲಿಯಲ್ಲಿ ಜಪಮಾಲೆ ತಿರುಗಿಸುತ್ತ, ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತ ಕೂತಿರುತ್ತಿದ್ದರು. ಮನೆಯ ಮಕ್ಕಳು ಅತ್ತ ಸುಳಿಯುತ್ತಿರಲಿಲ್ಲ. ಹತ್ತಿರ ಹೋದರೆ ಅವರು ಕೈ ಹಿಡಿದು ಕೂರಿಸಿ, ಅದೆಂತ, ಇದೆಂತ ಎಂದು ಬಿಡದೆ ಪ್ರಶ್ನೆ ಕೇಳುತ್ತಾರೆ ಎಂದು ದೂರು.

ಸೋಮವಾರಕ್ಕೆ ಮೊದಲಿನ ಶನಿವಾರ ನನಗೆ ಅರ್ಧ ದಿನ ಶಾಲೆ. ತಂಗಿಯನ್ನು ಕರೆದುಕೊಂಡು ಬರಲು ಹಿತ್ತಿಲಿನ ಕಡೆಯಿಂದ ಬೇಲಿ ನುಗ್ಗಿದೆ. ತೆಂಗಿನ ಮಡಲಿನ ರಾಶಿಯ ಹತ್ತಿರ ಬರುವಾಗ ಜಗಲಿಯಿಂದ ಒಂದು ಮಗುವಿನ ಸ್ವರ ಕೇಳಿಸಿತು. ಬ್ಯಾರಿ ಭಾಷೆಯಲ್ಲಿ ಸಣ್ಣಗೆ, ಅವಸರವಿಲ್ಲದೆ ಏನೋ ಹೇಳುತ್ತಿತ್ತು. ಆ ಮನೆಯ ಮಕ್ಕಳೊಟ್ಟಿಗೆ ಆಡಿ ಬೆಳೆದವಳು ನಾನು, ಮಾತಾಡಲು ಬಾರದಿದ್ದರೂ ಅರ್ಥ ಆಗುತ್ತಿತ್ತು.

"ಕರಿ ಕೋಳಿ ಬಂತು. ಮರಿಗಳೂ ಬಂದವು. ಒಂದು ಮರಿ ಹಿಂದೆ ಉಳಿಯಿತು."

"ಎಂತಕ್ಕೆ ಉಳಿಯಿತು ಮೋಲೆ?" ಎಂದರು ಐಸಮ್ಮ. ಮೋಲೆ ಎಂದರೆ ಮಗಳೇ.

"ಅದರ ಕಾಲು ಸರಿ ಇಲ್ಲ. ಬಿಳಿ ಮರಿ. ಓಡ್ತದೆ, ಬೀಳ್ತದೆ, ಓಡ್ತದೆ. ಈಗ ತಾಯಿ ನಿಂತಿತು. ತಿರುಗಿ ನೋಡ್ತಾ ಉಂಟು."

"ಆಕಾಶ?"

"ಹೊಳೆಯ ಮೇಲೆ ಒಂದು ಮೋಡ ಉಂಟು. ಕಾರ್ಖಾನೆಯ ಹೊಗೆ ಹೋಗಿ ಅದರ ಒಳಗೆ ಸೇರ್ತಾ ಉಂಟು."

ನಾನು ಮಡಲಿನ ರಾಶಿಯಿಂದ ತಲೆ ಹೊರಗೆ ಹಾಕಿದೆ. ಕಂಬಕ್ಕೆ ಒರಗಿ, ಐಸಮ್ಮನ ಮೊಣಕಾಲಿನ ಮೇಲೆ ಕೈ ಇಟ್ಟು ಕೂತದ್ದು ನಮ್ಮ ಮಮತಾ. ಜಗಲಿಯಲ್ಲಿ ಬೇರೆ ಮಗುವೇ ಇರಲಿಲ್ಲ. ಅವಳ ತುಟಿ ಆಡುತ್ತಿತ್ತು. ಆ ಮೋಡದ ಮಾತು ಅವಳ ಬಾಯಿಯಿಂದ ಬಂದದ್ದು.

ಹನ್ನೊಂದು ವರ್ಷ ಪುರುಸೊತ್ತಿಲ್ಲದೆ ಓಡಿದ ನನ್ನ ನಾಲಿಗೆ ಅಲ್ಲಿ ನಿಂತಿತು. ಆ ಮೋಡವನ್ನು ನಾನೂ ನೋಡಿದ್ದೆ. ಹೊಗೆ ಹೋಗಿ ಅದನ್ನು ಸೇರುವುದನ್ನು ನೋಡಿರಲಿಲ್ಲ. ಕುತ್ತಿಗೆ ಎತ್ತಿದೆ. ಹೌದು, ಸೇರುತ್ತಿತ್ತು!

ಮನೆಗೆ ಓಡಿದೆ. ಅಮ್ಮ ಅನ್ನ ಬಸಿಯುತ್ತಿದ್ದರು. ನನ್ನ ಬಾಯಿಂದ ಮಾತು ಹೊರಡದ್ದನ್ನು ಕಂಡೇ ಅವರು ಗಾಬರಿಯಾಗಿರಬೇಕು, ತಂಗಿ ಬಾವಿಗೆ ಬಿದ್ದಳೆಂದು ತಿಳಿದು ನನ್ನ ಹಿಂದೆ ಓಡಿಬಂದರು. ಮಡಲಿನ ರಾಶಿಯ ಹತ್ತಿರ ನಾನು ಅವರ ಸೆರಗು ಹಿಡಿದು ಎಳೆದು ನಿಲ್ಲಿಸಿದೆ.

ಅಮ್ಮ ಕಿವಿಗೊಟ್ಟರು. ಮೊದಲು ಅದು ಯಾರ ಸ್ವರವೆಂದು ಹೊಳೆದ ಹಾಗೆ ಕಾಣಲಿಲ್ಲ. ಆಮೇಲೆ ಮೆಲ್ಲನೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಮೂರೂವರೆ ವರ್ಷದಿಂದ ಕಾದ ಸ್ವರ ಹಿತ್ತಿಲಿನ ಆಚೆಯಿಂದ, ತನ್ನದಲ್ಲದ ಭಾಷೆಯಲ್ಲಿ ಬರುತ್ತಿತ್ತು. "ಎಷ್ಟು ಚಂದ ಸ್ವರ," ಎಂದರು ಪಿಸುಗುಟ್ಟುತ್ತ, "ನನ್ನ ಅಮ್ಮನ ಹಾಗೆಯೇ ಉಂಟು." ಸ್ವಲ್ಪ ಹೊತ್ತಿಗೆ ತಡೆಯಲಾಗದೆ, "ಮಗಾ" ಎಂದು ಕರೆದೇಬಿಟ್ಟರು. ಮಮತಾ ತಿರುಗಿದಳು. ಅಮ್ಮನನ್ನು ನೋಡಿ ನಕ್ಕಳು. ಬಾಯಿ ಮುಚ್ಚಿತು. ಬೆರಳು ಎದ್ದು ಮೋಡವನ್ನು ತೋರಿಸಿತು.

ಅಮ್ಮ ಜಗಲಿಯ ಮೆಟ್ಟಿಲಿನಲ್ಲಿ ಕೂತು ಐಸಮ್ಮನ ಕೈ ಹಿಡಿದರು. "ಉಮ್ಮ, ಇವಳು ಎಂದಿನಿಂದ ಮಾತಾಡ್ತಾಳೆ?"

"ಯಾರು, ಟೀಚರಾ? ಇವಳಾ? ಕಳೆದ ಮಳೆಗಾಲದಿಂದ. ಬಾಯಿ ಮುಚ್ಚುವುದಿಲ್ಲ ಮಾರಾಯ್ತಿ. ನಮ್ಮ ಸಣ್ಣ ಮಗನ ಮಗಳು, ಅಪ್ಪನ ಹಾಗೆಯೇ."

ಸದ್ದು ಕೇಳಿ ಒಳಗಿನಿಂದ ಬಂದ ನಫೀಸಕ್ಕ ಬಾಗಿಲಲ್ಲಿ ನಿಂತು ನಕ್ಕರು. "ಉಮ್ಮ, ಅದು ನಮ್ಮ ಮಗು ಅಲ್ಲ. ಟೀಚರ ಮಗು, ಮಾತು ಬಾರದ್ದು!"

ಐಸಮ್ಮನ ಜಪಮಾಲೆ ನಿಂತಿತು. ಅವರು ಮಮತಾಳ ಮುಖವನ್ನು ಎರಡೂ ಕೈಯಿಂದ ಸವರಿದರು, ಹಣೆ, ಮೂಗು, ಗಲ್ಲ. "ಮಾತು ಬಾರದ್ದಾ? ಇದಾ?" ಎಂದರು. "ನನಗೆ ಎಂತ ಗೊತ್ತು? ನಮ್ಮ ಭಾಷೆ ಮಾತಾಡ್ತದೆ, ನಮ್ಮದೇ ಅಂತ ತಿಳ್ಕೊಂಡೆ. ಮೊದಲು ಇವಳು ನನ್ನ ತಲೆ ಹಿಡಿದು ತಿರುಗಿಸ್ತಾ ಇದ್ದಳು, ನೋಡು ನೋಡು ಅಂತ. ಬೆರಳು ತೋರಿಸಿದರೆ ನನಗೆ ಕಾಣ್ತದಾ? ನನಗೆ ಬಾಯಲ್ಲಿ ಹೇಳಬೇಕು ಮೋಲೆ ಅಂದೆ. ಹೇಳಿದಳು. ಮಳೆ ಬರುವ ಮೊದಲು ಬಟ್ಟೆ ತೆಗೀರಿ ಅಂತ ನಾನು ಒಳಗೆ ಕೂಗುವುದು ಮತ್ತೆ ಹೇಗೆ?"

"ನಿಮಗೆ ಗಾಳಿಯಲ್ಲಿ ಗೊತ್ತಾಗುವುದು ಅಂತ ನಾವು ತಿಳ್ಕೊಂಡದ್ದು" ಎಂದರು ನಫೀಸಕ್ಕ. ಸ್ವರ ಸಣ್ಣದಾಗಿತ್ತು. ಅಡುಗೆಮನೆಯಲ್ಲಿ ಎಷ್ಟೋ ಸಲ ಹಿಂದಿನಿಂದ ಗುಣುಗುಣು ಕೇಳಿಸಿದರೂ, ಉಮ್ಮ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾರೆ ಎಂದು ಬಿಟ್ಟಿದ್ದರಂತೆ.

ಅಪ್ಪ ನಂಬಲಿಲ್ಲ. "ಆ ಮನೆಯಲ್ಲಿ ಅಷ್ಟು ಮಕ್ಕಳಿದ್ದಾರೆ, ಯಾವುದೋ ಮಾತಾಡಿರ್ತದೆ" ಎಂದರು. ನನ್ನನ್ನು ನಂಬದಿರಲು ಅವರಿಗೆ ಕಾರಣಗಳಿದ್ದವು, ಗಲ್ಲಾದ ಕಾಲದಿಂದಲೂ. ಅಮ್ಮ ಹೇಳಿದ್ದು ಆಸೆಯ ಮಾತು ಎಂದುಕೊಂಡರು. ಅಮ್ಮ ವಾದ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದ ಅಪ್ಪನನ್ನು ಕರೆದುಕೊಂಡು ಹೋಗಿ ಮಡಲಿನ ರಾಶಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂರಿಸಿದರು. ಮೂರು ಊರಿನ ಕೆಲಸದವರಿಗೆ ದಬಾಯಿಸಿ ಬಡಿಸುತ್ತಿದ್ದ ಹೋಟೆಲಿನ ಧಣಿ ಪಂಚೆಗೆ ಇರುವೆ ಹತ್ತಿಸಿಕೊಂಡು ಉಸಿರು ಬಿಗಿಹಿಡಿದು ಕೂತರು.

ಬಹಳ ಹೊತ್ತು ಮಮತಾ ಐಸಮ್ಮನ ಜಪಮಾಲೆಯ ಮಣಿಗಳನ್ನು ಸರಿಸುತ್ತ ಕೂತಿದ್ದಳು. ಅಪ್ಪ ಎದ್ದು ಹೋಗುವವರಿದ್ದರು. ಆಗ ಐಸಮ್ಮ ಕೇಳಿದರು, "ಇವತ್ತು ಎಂತ ಹೊಸತು ಮೋಲೆ?"

ಅವಳು ಹಿತ್ತಿಲನ್ನು ಒಮ್ಮೆ ಕಣ್ಣಾಡಿಸಿ ನೋಡಿದಳು. ಆಮೇಲೆ ಹೇಳಿದಳು. "ಮಡಲಿನ ಹಿಂದೆ ಅಪ್ಪ ಕೂತಿದ್ದಾರೆ."

"ಎಂತ ಮಾಡ್ತಾರೆ?"

"ಇರುವೆ ಕಚ್ಚಿತು. ಅವರು ಕೂಗಲಿಲ್ಲ."

ಅಪ್ಪ ಅಲ್ಲಿಂದ ಎದ್ದು ನೇರ ಹೊಳೆಯ ಕಡೆಗೆ ನಡೆದರು. ಆ ಹೊತ್ತಿನಲ್ಲಿ ಹೋಟೆಲು ಬಿಟ್ಟು ಅವರು ಹೊಳೆ ನೋಡಲು ಹೋದದ್ದನ್ನು ನಾನು ಅದೊಂದು ಸಲ ಮಾತ್ರ ಕಂಡದ್ದು. ತಿರುಗಿ ಬಂದಾಗ ಅವರ ಕಣ್ಣು ಕೆಂಪಗಿತ್ತು. "ಸೋಮವಾರ ಹೋಗುವುದು ಬೇಡ" ಎಂದಷ್ಟೇ ಹೇಳಿ ಹೋಟೆಲಿಗೆ ಹೋದರು.

ಆದರೆ ಅಮ್ಮನಿಗೆ ಇನ್ನೊಂದು ಚಿಂತೆ ಉಳಿದಿತ್ತು. ಮಗಳು ಮಾತಾಡುತ್ತಾಳೆ, ಸರಿ. ನಮ್ಮೊಟ್ಟಿಗೆ? ಮನೆಗೆ ಬಂದರೆ ಅದೇ ಬೆರಳು, ಅದೇ ಮೌನ. ತುಳು ಅವಳಿಗೆ ಹತ್ತಲೇ ಇಲ್ಲವೋ ಏನೋ ಎಂದು ಅಮ್ಮ ಒಳಗೊಳಗೇ ಹೆದರಿದ್ದರು. ಎರಡು ದಿನ ಏನೂ ಮಾಡದೆ ಯೋಚಿಸಿದರು. ಮೂರನೆಯ ದಿನ ಸಂಜೆ ಶಾಲೆಯಿಂದ ಬಂದು ಸಾರು ಬಿಸಿಗಿಟ್ಟವರೇ ಅಡುಗೆಮನೆಯ ನೆಲದಲ್ಲಿ ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿಕೊಂಡರು.

ಮಮತಾ ಬಂದು ಬೆಲ್ಲದ ಡಬ್ಬದ ಕಡೆ ಬೆರಳು ತೋರಿಸಿದಳು. ನನ್ನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಅಮ್ಮ ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ಕೈ ಎತ್ತಿದರು. ನಾನು ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡೆ.

ಮಮತಾ ಅಮ್ಮನ ಸೆರಗು ಎಳೆದಳು. ಗಲ್ಲ ಹಿಡಿದು ಮುಖವನ್ನು ಡಬ್ಬದ ಕಡೆ ತಿರುಗಿಸಿದಳು. ಅಮ್ಮ ಕಣ್ಣು ಬಿಡಲಿಲ್ಲ. ಅವಳು ಅಮ್ಮನ ರೆಪ್ಪೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಹಿಂದೆ ಸರಿದು ನಿಂತಳು. ಒಲೆಯ ಮೇಲೆ ಸಾರು ಉಕ್ಕಿ ಕೆಂಡಕ್ಕೆ ಬಿತ್ತು.

"ಅಮ್ಮ," ಎಂದಳು, ನಮ್ಮ ಶುದ್ಧ ತುಳುವಿನಲ್ಲಿ, "ನಿನಗೂ ಕಾಣುವುದಿಲ್ಲವಾ?"

ಅಮ್ಮ ಕಣ್ಣು ಬಿಡದೆ ಅವಳ ಕೈ ಹುಡುಕಿ ಹಿಡಿದರು. "ಇಲ್ಲ ಮಗಾ. ನೀನೇ ಹೇಳಬೇಕು."

ಅವಳು ಹೇಳಿದಳು. ಸಾರು ಉಕ್ಕಿತು ಎಂದಳು. ಗೋಡೆಯಲ್ಲಿ ಹಲ್ಲಿ ಉಂಟು, ಅದಕ್ಕೆ ಬಾಲ ಇಲ್ಲ, ಮೊನ್ನೆ ಇತ್ತು ಎಂದಳು. ಡಬ್ಬದಲ್ಲಿ ಬೆಲ್ಲ ಉಂಟು, ಅದು ತನಗೆ ಬೇಕು ಎಂದಳು. "ಅಕ್ಕ ಬಾಗಿಲಲ್ಲಿ ನಿಂತು ಅಳ್ತಾ ಇದ್ದಾಳೆ. ಬಾಯಿ ಮುಚ್ಚಿ ಅಳುವುದು ಹೀಗೆ" ಎಂದು, ಅಮ್ಮನಿಗೆ ಕಾಣುವುದಿಲ್ಲ ಎಂಬುದನ್ನು ಒಂದು ಕ್ಷಣ ಮರೆತು, ನನ್ನನ್ನು ಅಣಕಿಸಿಯೂ ತೋರಿಸಿದಳು. ಅಮ್ಮನ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದನ್ನೂ ಹೇಳಿದಳು.

ಆಮೇಲಿನ ದಿನಗಳು ನಮ್ಮ ಮನೆಯಲ್ಲಿ ಹಬ್ಬದ ಹಾಗೆ ಕಳೆದವು. ಅವಳ ಒಳಗೆ ಏನೇನು ಸೇರಿಕೊಂಡಿತ್ತೋ ಎಲ್ಲ ಒಂದೊಂದಾಗಿ ಹೊರಗೆ ಬರತೊಡಗಿತು. ಮೀನಿನ ಹೆಂಗಸು ಬಂಗುಡೆ ಬೂತಾಯಿ ಎಂದು ಬೀದಿಯಲ್ಲಿ ರಾಗ ಎಳೆಯುವುದು, ಬಸ್ಸಿನ ಕಂಡಕ್ಟರ "ರೈಟ್ ಪೋಯಿ" ಎನ್ನುವುದು, ನಾನು ಸಂಜೆ ಗಟ್ಟಿಯಾಗಿ ಓದುತ್ತಿದ್ದ ಕನ್ನಡ ಪಾಠದ ಸಾಲುಗಳು, ಓದುವಾಗ ನಾನು ಮಾಡುತ್ತಿದ್ದ ತಪ್ಪುಗಳ ಸಮೇತ. ಎಲ್ಲಕ್ಕಿಂತ ಹೆಚ್ಚು ನಮ್ಮನ್ನು ದಂಗುಬಡಿಸಿದ್ದು ಒಂದು ಮಧ್ಯಾಹ್ನ ಗೊಂಬೆಗೆ ಅವಳು ಹೇಳಿದ ಮಾತು: "ಅಮ್ಮ ಅನ್ನು ಮಗಾ, ಒಂದೇ ಸಲ." ಅಮ್ಮನ ಸ್ವರ ಒಡೆಯುತ್ತಿದ್ದ ಜಾಗದಲ್ಲೇ ಅವಳ ಸ್ವರವೂ ಒಡೆಯಿತು. ಯಾರೂ ಕಲಿಸಿದ್ದಲ್ಲ. ನಾವು ಅವಳ ಕಿವಿಗೆ ಏನೂ ಬೀಳುತ್ತಿಲ್ಲ ಎಂದು ಅಳುತ್ತಿದ್ದ ದಿನಗಳಲ್ಲಿ ಆ ಅಳು ಕೂಡ ಅವಳ ಒಳಗೆ ಹೋಗಿ ಜಾಗ ಮಾಡಿಕೊಂಡಿತ್ತು. ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮಮತಾ ಮುಂದೆ ಎಲ್ಲರ ಹಾಗೆ ಶಾಲೆಗೆ ಹೋದಳು, ಎಲ್ಲರ ಹಾಗೆ ಲೆಕ್ಕದಲ್ಲಿ ಕಡಿಮೆ ಮಾರ್ಕು ತಂದಳು. ಈಗ ಕೊಟ್ಟಾರದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಫೋನು ಮಾಡಿದರೆ ಅವಳು ನಾಲ್ಕು ಮಾತಾಡುವಷ್ಟರಲ್ಲಿ ನಾನು ನಲವತ್ತು ಮುಗಿಸಿರುತ್ತೇನೆ, ಆದರೆ ಹೊಸ ಸುದ್ದಿ ಇರುವುದು ಅವಳ ನಾಲ್ಕರಲ್ಲೇ.

ಬದಲಾದದ್ದು ಅಮ್ಮ. ಅದು ನನಗೆ ಗೊತ್ತಾದದ್ದು ಎಂಬತ್ತನೇ ಇಸವಿಯ ಆಸುಪಾಸಿನ ಒಂದು ಜೂನ್ ತಿಂಗಳಲ್ಲಿ. ಶಾಲೆ ಶುರುವಾದ ದಿನ ಅಮ್ಮ ಬುತ್ತಿ ಮರೆತು ಹೋಗಿದ್ದರು. ಕೊಡಲು ಹೋದೆ. ಒಂದನೇ ಕ್ಲಾಸಿನಿಂದ ಸಂತೆಯ ಹಾಗೆ ಗದ್ದಲ ಬರುತ್ತಿತ್ತು. ಮೊದಲನೆಯ ದಿನ ಕೈ ಕಟ್ಟಿ, ಬಾಯಿ ಮುಚ್ಚಿ ಎಂದು ಶುರುಮಾಡುವ ಟೀಚರು ನಮ್ಮಮ್ಮ. ಕಿಟಕಿಯಲ್ಲಿ ಇಣುಕಿದೆ. ಕರಿಹಲಗೆಯಲ್ಲಿ ಒಂದು ಅಕ್ಷರವೂ ಇರಲಿಲ್ಲ. ಅಮ್ಮ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. "ನನಗೆ ಏನೂ ಕಾಣುವುದಿಲ್ಲ ಮಕ್ಕಳೇ. ಹೊರಗೆ ಎಂತ ಉಂಟು? ನೀವೇ ಹೇಳಿ."

ಮಕ್ಕಳು ಬೆಂಚು ಹತ್ತಿ ನಿಂತಿದ್ದವು. ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಒಟ್ಟಿಗೇ ಹೇಳುತ್ತಿದ್ದವು. ಮಳೆ, ಕೊಡೆ, ಕೆಂಪು ನೀರು, ಹಂಚಿನ ಮಾಡಿನಲ್ಲಿ ಒದ್ದೆ ಕಾಗೆ, ಅದರ ಕೊಕ್ಕಿನಲ್ಲಿ ಮೀನಿನ ತಲೆ. ಅಷ್ಟು ಲೋಕವನ್ನು ಹೊತ್ತು ಬಂದ ಮಕ್ಕಳು ಶಾಲೆಗೆ ಸೇರಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ನಾನು ಬುತ್ತಿ ಹಿಡಿದುಕೊಂಡು, ಮಳೆಯಲ್ಲಿ ನೆನೆಯುತ್ತಿರುವುದು ಕೂಡ ಗೊತ್ತಾಗದೆ ನಿಂತಿದ್ದೆ.

ಗದ್ದಲ ಕೇಳಿ ಹೆಡ್‌ಮಾಸ್ತರರು ಬೆತ್ತ ಹಿಡಿದು ಬಾಗಿಲಿಗೆ ಬಂದರು. ತರಗತಿ ತಟ್ಟನೆ ತಣ್ಣಗಾಯಿತು.

ಅಮ್ಮ ಕಣ್ಣು ಬಿಡಲಿಲ್ಲ. "ಯಾರೋ ಬಂದ ಹಾಗುಂಟಲ್ಲ. ಯಾರದು?"

ಬೆಂಚಿನ ಮೇಲಿದ್ದವು ಒಂದೊಂದಾಗಿ ಕೆಳಗಿಳಿದವು. ಆಮೇಲೆ ಮುಂದಿನ ಬೆಂಚಿನಿಂದ ಒಬ್ಬ, "ದೊಡ್ಡ ಮಾಸ್ಟ್ರು" ಎಂದ. "ಅಂಗಿಯಲ್ಲಿ ಚಾದ ಕಲೆ ಉಂಟು" ಎಂದಿತು ಇನ್ನೊಂದು ಸ್ವರ. "ಕೈಯಲ್ಲಿ ಬೆತ್ತ ಉಂಟು."

ಹೆಡ್‌ಮಾಸ್ತರರು ನಿಂತಲ್ಲೇ ನಿಂತರು. ಹಿಂದಿನ ಮೂಲೆಯಲ್ಲಿ, ಬೆಳಿಗ್ಗೆಯಿಂದ ತನ್ನ ಹೆಸರನ್ನು ಕೂಡ ಹೇಳದೆ ಅಳುತ್ತ ಕೂತಿದ್ದ ಒಂದು ಸಣ್ಣ ಹುಡುಗಿ ಮೂಗು ಒರೆಸಿಕೊಂಡು ಎದ್ದು ನಿಂತು ಕೊಂಕಣಿಯಲ್ಲಿ ಹೇಳಿದಳು:

"ಇಲ್ಲ ಟೀಚರ್, ಈಗ ಬೆನ್ನ ಹಿಂದೆ ಅಡಗಿಸಿಟ್ಟರು."